ಲೈಟ್ ಹತ್ತೇತ್ರೀ!

ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಹಾಡಹಗಲು ನನ್ನ ಬೈಕ್ ಹತ್ತಿ ಹೊರಟರೆ ದಾರಿಯುದ್ದಕ್ಕೂ ಸಿಗುವ ಗೌರವ ಈ ಸೀಮೆಯ ಯಾವ ಪುಢಾರಿಗೂ ಸಿಕ್ಕಿರಲಿಕ್ಕಿಲ್ಲ. ಎದುರಿಗೆ ಬಂದವರೆಲ್ಲ ಕೈ ಎತ್ತುತ್ತಾರೆ. ಟ್ರ್ಯಾಕ್ಟರಿನವನು ಸ್ಟೀರಿಂಗ್ ಬಿಟ್ಟು ಎತ್ತುತ್ತಾನೆ. ಮೇವಿನ ಹೊರೆ ಹೊತ್ತ ಹೆಂಗಸು ಹೊರೆಗೆ ಆನಿಸಿದ ಕೈ ಬಿಟ್ಟು ಎತ್ತುತ್ತಾಳೆ. ಎತ್ತಿದ ಕೈ ಸುಮ್ಮನಿರುವುದಿಲ್ಲ. ಐದೂ ಬೆರಳು ಕೂಡುತ್ತವೆ, ಬಿಚ್ಚುತ್ತವೆ, ಮತ್ತೆ ಕೂಡುತ್ತವೆ, ಮತ್ತೆ ಬಿಚ್ಚುತ್ತವೆ. ಬಾಯಿಯಲ್ಲಿ ಎಲೆ ಅಡಿಕೆ ಇಲ್ಲದವರು ಕೂಗಿಯೂ ಹೇಳುತ್ತಾರೆ: ‘ಲೈಟ್ ಹತ್ತೇತ್ರೀ!’

ಹತ್ತಿದೆ, ನನಗೂ ಗೊತ್ತು. ಆದರೆ ಅದನ್ನು ಆರಿಸುವ ಗುಂಡಿಯೇ ನನ್ನ ಗಾಡಿಗಿಲ್ಲ. 2017ರ ಏಪ್ರಿಲ್ ಒಂದರಿಂದ ಈ ದೇಶದಲ್ಲಿ ತಯಾರಾಗುವ ಬೈಕು, ಸ್ಕೂಟರುಗಳ ಮುಂದಿನ ದೀಪ ಎಂಜಿನ್ ಚಾಲೂ ಆದ ಕೂಡಲೇ ತಾನಾಗಿ ಹತ್ತಬೇಕು, ಎಂಜಿನ್ ನಿಲ್ಲುವವರೆಗೂ ಉರಿಯುತ್ತಲೇ ಇರಬೇಕು ಎಂಬುದು ಸರ್ಕಾರದ ನಿಯಮ. ಎದುರಿನವರಿಗೆ ಗಾಡಿ ದೂರದಿಂದಲೇ ಕಾಣಲಿ ಎಂಬ ಒಳ್ಳೆಯ ಉದ್ದೇಶ. ಹೊಸದರಲ್ಲಿ ನಾನು ಇದನ್ನೆಲ್ಲ ಬಿಡಿಸಿ ಹೇಳುವ ಉಸಾಬರಿ ಇಟ್ಟುಕೊಂಡಿದ್ದೆ. ಹೊಲದ ಬದುವಿನ ಮೇಲೆ ನಿಂತು ಬೆರಳು ಬಿಚ್ಚಿದ ಹಿರಿಯರೊಬ್ಬರ ಮುಂದೆ ಗಾಡಿ ನಿಲ್ಲಿಸಿ ನಿಯಮವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ‘ಆರಸಾಕ ಬರಂಗಿಲ್ಲಂದ್ರ ಅಂಥಾ ಗಾಡೀನ ರೊಕ್ಕಾ ಕೊಟ್ಟು ಯಾಕ ತಂದ್ರಿ?’ ಎಂದರು. ಅಂದಿನಿಂದ ವಿವರಣೆ ಬಂದ್. ಯಾರಾದರೂ ಬೆರಳು ಬಿಚ್ಚಿದರೆ ನಾನು ಗೋಣು ಹಾಕಿ, ಹೆಬ್ಬೆರಳಿನಿಂದ ಹ್ಯಾಂಡಲಿನ ಮೇಲೆ ಇಲ್ಲದ ಗುಂಡಿಯನ್ನು ಒತ್ತುತ್ತೇನೆ. ಅವರು ಸಮಾಧಾನದಿಂದ ಮುಂದೆ ಹೋಗುತ್ತಾರೆ. ಹಿಂತಿರುಗಿ ನೋಡಿದರೆ ಅವರಿಗೆ ಕಾಣುವುದು ಹಿಂದಿನ ಕೆಂಪು ದೀಪವಷ್ಟೇ. ಅದರ ಬಗ್ಗೆ ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ.

ನೌಕರಿಯಲ್ಲಿದ್ದಷ್ಟು ಕಾಲ ನಾನು ಹುಬ್ಬಳ್ಳಿಯಲ್ಲಿದ್ದೆ. ಅಲ್ಲಿ ಗಾಡಿಗೆ ಬೆಂಕಿ ಹತ್ತಿದರೂ ಹಿಂದಿನವನು ಹಾರ್ನ್ ಬಾರಿಸುತ್ತಾನೆಯೇ ಹೊರತು ಕಾರಣ ಹೇಳುವುದಿಲ್ಲ. ನಮ್ಮ ಶಿಗ್ಲಿಯ ಕಡೆ ರಸ್ತೆಗೆ ಇಳಿದ ಗಾಡಿ ಎಲ್ಲರದೂ. ‘ಸ್ಟ್ಯಾಂಡ್ ತಗೀರಿ’, ‘ಅಕ್ಕಾರ, ಸೆರಗು ಗಾಲಿಗೆ ಬಂದೈತಿ’, ‘ಹಾಲಿನ ಕ್ಯಾನಿನ ಮುಚ್ಚಳಾ ಸಡಿಲಾಗೇತಿ’ ಎಂದು ಕೂಗದಿದ್ದರೆ ಕೂಗದವರಿಗೇ ಪಾಪ ಸುತ್ತಿಕೊಳ್ಳುತ್ತದೆ. ಮಗ್ಗದ ಮುಂದೆ ಕೂತ ನೇಕಾರ ಕೂಡ ಒಂದು ಕಣ್ಣನ್ನು ಕಿಟಕಿಯ ಆಚೆ ಇಟ್ಟಿರುತ್ತಾನೆ. ಪವರ್‌ಲೂಮಿನ ಆ ಸಪ್ಪಳದಲ್ಲಿ ಅವನ ಕೂಗು ಹೊರಗೆ ಕೇಳುವುದಿಲ್ಲ. ಬೆರಳು ಮಾತ್ರ ಕಾಣುತ್ತದೆ.

ಇಂಥ ಊರಿಗೆ ಬೆಂಗಳೂರಿನಿಂದ ನನ್ನ ಅಕ್ಕನ ಮಗನ ಫೋನ್ ಬಂತು. ಅವನು ಬೈಕ್ ಸವಾರರ ಒಂದು ಗುಂಪಿನಲ್ಲಿದ್ದಾನೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ನಸುಕಿನಲ್ಲಿ ಎದ್ದು ನೂರಾರು ಮೈಲು ದೂರದಲ್ಲಿ ಇಡ್ಲಿ ತಿಂದು ವಾಪಸು ಬರುವ ಜನ. ‘ಮಾಮಾ, ಮಾಜಿ ಮತ್ತ ಹಾಲಿ ರೇಸರ್‌ಗಳ ಜೋಡಿ ಟೂರ್ ಹೊಂಟೀವಿ. ಹಾವೇರಿ, ಸವಣೂರ, ಲಕ್ಷ್ಮೇಶ್ವರ, ಗದಗ, ಹಂಪಿ. ನೀವೂ ಸವಣೂರದಾಗ ಕೂಡಿಕೋರಿ, ಗದಗಿನ ತನಕ ಬರ್ರಿ’ ಎಂದ. ಮಾಜಿ ಮತ್ತು ಹಾಲಿ ಎಂಬ ಎರಡು ಮಾತನ್ನು ನಾನು ಅಲ್ಲಿಯವರೆಗೆ ಪಂಚಾಯತಿ ಅಧ್ಯಕ್ಷರಿಗೆ ಬಿಟ್ಟು ಬೇರೆ ಯಾರಿಗೂ ಬಳಸಿದ್ದನ್ನು ಕೇಳಿರಲಿಲ್ಲ.

ನನ್ನ ತಿಳಿವಳಿಕೆ ಕಡಿಮೆ ಎಂದು ಅವನಿಗೆ ಅನುಮಾನ ಬಂದು, ಫೋನಿನಲ್ಲೇ ಪಾಠ ಶುರು ಮಾಡಿದ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಬೆಂಗಳೂರಿನವಳೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಳು. ಮೋಟರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯಳು ಅವಳು. ಉಡುಪಿಯ ಕೆ.ಪಿ. ಅರವಿಂದ್ ಅದೇ 2019ರಲ್ಲಿ ಪೆರು ದೇಶದ ಮರಳಿನಲ್ಲಿ ಡಕಾರ್ ಮುಗಿಸಿ ಬಂದ. ಸ್ಪೀಕರ್ ಹಾಕಿದ್ದರಿಂದ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಪಾಠ ಕೇಳುತ್ತಿತ್ತು. ‘ಅರವಿಂದ ಅಂದ್ರ ಬಿಗ್ ಬಾಸಿನ್ಯಾಗ ಎರಡನೇದಾಂವ ಬಂದನಲ್ಲ, ಅಂವೇನು? ಭಾಳ ಶಾಂತ ಹುಡುಗ’ ಎಂದು ಒಳಗಿನಿಂದಲೇ ಪ್ರಮಾಣಪತ್ರ ಕೊಟ್ಟಳು. ಪೆರುವಿನ ಮರಳು ಅವಳ ಲೆಕ್ಕಕ್ಕೆ ಬರಲಿಲ್ಲ.

ಸಂತೋಷ್ ಎಷ್ಟನೆಯವನಾಗಿ ಬಂದ ಎಂದು ಕೇಳಿದೆ. 36ನೆಯವನು ಎಂದ. ಅರವಿಂದ್? 37. ನಮ್ಮ ಕಾಲದಲ್ಲಿ ತರಗತಿಯಲ್ಲಿ ಮೂವತ್ತಾರನೆಯವನಾಗಿ ಬಂದವನನ್ನು ಯಾರೂ ಹೀಗೆ ಹೆಮ್ಮೆಯಿಂದ ನೆನೆಸಿಕೊಂಡದ್ದಿಲ್ಲ. ಅವನ ಅಪ್ಪ ಅವನನ್ನು ಎತ್ತು ಕಾಯಲು ಕಳಿಸಿಬಿಡುತ್ತಿದ್ದ. ಆದರೆ ಡಕಾರ್ ಎಂದರೆ ಎರಡು ವಾರ, ಸಾವಿರಾರು ಕಿಲೋಮೀಟರ್, ಮರಳು, ಕಲ್ಲು, ಉಪ್ಪಿನ ಬಯಲು. ಹೊರಟವರಲ್ಲಿ ದೊಡ್ಡದೊಂದು ಪಾಲು ದಾರಿಯಲ್ಲೇ ಉಳಿಯುತ್ತದೆ. ಅಲ್ಲಿ ಮುಗಿಸುವುದೇ ಗೆಲುವು ಎಂದು ಅಳಿಯ ಹೇಳಿದ. ಎಸ್ಸೆಸ್ಸೆಲ್ಸಿ ಕುರಿತು ನನ್ನ ತಂದೆಯ ಅಭಿಪ್ರಾಯವೂ ಇದೇ ಆಗಿತ್ತು.

‘ಹಂಗಾರ ಸಂತೋಷ್ ಬರ್ತಾನೇನು?’ ‘ಇಲ್ಲ ಮಾಮಾ, ಅವರ‍್ಯಾರೂ ಇಲ್ಲ. ಬರೋರೂ ಸಣ್ಣವರಲ್ಲ ಮತ್ತ.’ ಬಂದವರ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ. ಊರೂರಲ್ಲಿ ಸೆಲ್ಫಿಯ ಕಾಟ ಬೇಡ ಎಂದು ಅವರು ಮೊದಲೇ ಕೇಳಿಕೊಂಡಿದ್ದರು. ಆ ಹೆದರಿಕೆಗೆ ಕಾರಣವಿರಲಿಲ್ಲ. ನಮ್ಮ ಕಡೆ ಸೆಲ್ಫಿ ಬೇಕಾದರೆ ಜನ ಬೈಕಿನ ಜೊತೆ ತೆಗೆಸಿಕೊಳ್ಳುತ್ತಾರೆ, ಸವಾರನಿಗೆ ‘ಸ್ವಲ್ಪ ಸರೀರಿ’ ಎನ್ನುತ್ತಾರೆ.

ರೇಸರ್ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದವನು ಬೇರೆ. ನಮ್ಮ ಓಣಿಯಲ್ಲೊಬ್ಬನ ಬಳಿ ಯಮಹಾ ಆರ್‌ಎಕ್ಸ್ ನೂರು ಇತ್ತು. 1985ರಿಂದ 1996ರವರೆಗೆ ತಯಾರಾಗಿ ನಿಂತುಹೋದ ಆ ಗಾಡಿಗೆ ಉತ್ತರ ಕರ್ನಾಟಕದಲ್ಲಿ ಈಗಲೂ ಕುಲದೇವರ ಮರ್ಯಾದೆ. ಸಂಜೆ ಅವನು ಸೈಲೆನ್ಸರಿನ ಒಳಗಿನ ಕೊಳವೆ ಕಿತ್ತಿಟ್ಟು ಕಿಕ್ ಹೊಡೆದರೆ ಮುದುಕರು ಎಚ್ಚರವಾಗಿ ಬಸ್ ಬಂತೇನೋ ಎಂದು ಕೇಳುತ್ತಿದ್ದರು. ಲಕ್ಷ್ಮೇಶ್ವರಕ್ಕೆ ಯಾರು ಮೊದಲು ಮುಟ್ಟುತ್ತಾರೆ ಎಂದು ಅವನೂ ಅವನ ಗೆಳೆಯರೂ ಪಣ ಕಟ್ಟುತ್ತಿದ್ದರು. ಪಣ ಒಂದು ಪ್ಲೇಟ್ ಮಿರ್ಚಿ ಭಜಿ. ಗೆದ್ದವನು ಮುಂದೆ ಹೋಗಿ ಭಜಿ ಬಿಸಿ ಇರುವಾಗಲೇ ತಿನ್ನುತ್ತಿದ್ದ, ಸೋತವನು ಬಂದು ದುಡ್ಡು ಕೊಡುತ್ತಿದ್ದ. ಹಿಂದೆ ಬಂದವನು ಯಾಕೆ ತಡವಾದ, ಎಲ್ಲಾದರೂ ಬಿದ್ದನೇ ಎಂದು ಭಜಿ ಮುಗಿಯುವ ತನಕ ಯಾರೂ ಕೇಳುತ್ತಿರಲಿಲ್ಲ.

ಗೊತ್ತಾದ ದಿನ ಸವಣೂರಿಗೆ ಹೋದೆ. ಚಳಿಗಾಲದ ಬೆಳಗು. ಕಲ್ಮಠದ ದೊಡ್ಡಹುಣಸೆ ಮರಗಳ ಹತ್ತಿರ ಎಲ್ಲರೂ ಸೇರಿದ್ದರು. ಬೈಕುಗಳು ಒಂದೊಂದೂ ಎಮ್ಮೆಗಾತ್ರ. ಜನರೋ, ಮಂಡಿಗೆ, ಮೊಣಕೈಗೆ, ಬೆನ್ನಿಗೆ ಎಲ್ಲಾ ಕಡೆ ಕವಚ. ನಾನು ಸ್ವೆಟರ್ ಮೇಲೆ ಮಫ್ಲರ್ ಸುತ್ತಿ, ಅಳಿಯ ಕಳಿಸಿದ ಹೆಲ್ಮೆಟ್ ಹಿಡಿದು ಅವರ ನಡುವೆ ನಿಂತೆ. ಒಬ್ಬ ಹುಡುಗ ಬಂದು ನನ್ನ ನೂರಿಪ್ಪತ್ತೈದು ಸಿಸಿ ಗಾಡಿಯ ಹಿಂದಿನ ಚಕ್ರದ ಗಾಳಿ ನೋಡಿ, ಏನೂ ಹೇಳದೆ ತನ್ನ ಪುಟ್ಟ ಪಂಪು ತೆಗೆದು ಗಾಳಿ ತುಂಬಿಸಿ ಹೋದ. ಅವನು ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ಓಡಿಸುವವನೆಂದು ಆಮೇಲೆ ತಿಳಿಯಿತು.

ದೊಡ್ಡಹುಣಸೆ ಆಫ್ರಿಕಾದ ಮರ. ನಮ್ಮ ಸವಣೂರಿಗೆ ಯಾರು ತಂದರೋ, ಯಾವಾಗ ತಂದರೋ, ಕಥೆಗಳು ಹಲವು. ಸೆನೆಗಲ್ ದೇಶದ ಲಾಂಛನದಲ್ಲಿರುವುದು ಇದೇ ಮರ. ಆ ದೇಶದ ರಾಜಧಾನಿ ಡಕಾರ್. 1978ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಹೊರಟ ಮೊದಲ ರ‍್ಯಾಲಿ ಮುಗಿದದ್ದು ಅಲ್ಲಿಯೇ, ಹೆಸರೂ ಅದರಿಂದಲೇ. ಆದರೆ 2008ರಲ್ಲಿ ಭದ್ರತೆಯ ಕಾರಣಕ್ಕೆ ರ‍್ಯಾಲಿ ರದ್ದಾಯಿತು. ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೋಯಿತು, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಅಂದರೆ ಸಂತೋಷ್ ಆಗಲಿ ಅರವಿಂದ್ ಆಗಲಿ ಡಕಾರ್ ರ‍್ಯಾಲಿ ಓಡಿಸಿದ್ದರೂ ಆ ದಾರಿಯಲ್ಲಿ ಡಕಾರ್ ಊರನ್ನು ನೋಡಿದವರಲ್ಲ. ಅಲ್ಲಿನ ಮರವನ್ನು ನಾವು ಸವಣೂರಿನಲ್ಲಿ ಬಸ್ಸಿಳಿದು ನೋಡುತ್ತೇವೆ. ಇದನ್ನು ನಾನು ಅಲ್ಲಿ ನಿಂತಿದ್ದವರಿಗೆ ಹೇಳಿದಾಗ ಗುಂಪಿನಲ್ಲಿ ನನ್ನ ಬೆಲೆ ಸ್ವಲ್ಪ ಏರಿತು. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿದ್ದು, ಕ್ರೇನಿನಿಂದ ಎತ್ತಿ ಮತ್ತೆ ನೆಟ್ಟದ್ದು ಎಲ್ಲವನ್ನೂ ಹೇಳಿದೆ. ಗುಂಪಿನ ಹಿರಿಯರೊಬ್ಬರು ಆ ಮರದ ಬುಡದಲ್ಲೇ ಬಹಳ ಹೊತ್ತು ನಿಂತರು. ಎಡಗೈಯಿಂದ ಬಲ ಭುಜ ತಿಕ್ಕಿಕೊಳ್ಳುತ್ತ, ‘ಎತ್ತಿ ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಚಿಗುರಿತು?’ ಎಂದು ಅಲ್ಲಿದ್ದ ಹುಡುಗನೊಬ್ಬನನ್ನು ವಿಚಾರಿಸುತ್ತಿದ್ದರು.

ಆ ಹಿರಿಯರೇ ನಮ್ಮ ಮಾಜಿ ಚಾಂಪಿಯನ್. ಅರವತ್ತು ದಾಟಿದವರು. ಮದ್ರಾಸಿನ ಹತ್ತಿರ ಶೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನಪಟ್ಟಿಯೊಂದಿತ್ತು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಸರಿಯಾದ ಟ್ರ್ಯಾಕ್ ಆಗುವವರೆಗೂ ದಕ್ಷಿಣದ ರೇಸುಗಳಿಗೆ ಅದೇ ಕಾಶಿ. ಹರೆಯದಲ್ಲಿ ಇವರು ಅಲ್ಲಿ ಗೆದ್ದವರು. ಈಗ ಎಲ್ಲರೂ ಎಮ್ಮೆಗಾತ್ರದ ಗಾಡಿ ತಂದಿದ್ದರೆ ಇವರದು ಒಂದು ಹಳೆಯ ಎಜ್ಡಿ ರೋಡ್‌ಕಿಂಗ್. ಮೈಸೂರಿನಲ್ಲಿ 1960ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸರಳೇ ಮುಂದಕ್ಕೆ ಮಡಚಿಕೊಂಡು ಗೇರ್ ಆಗುತ್ತದೆ. ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸಿ ಕೊಡಬೇಕು. ಅಂಥ ಗಾಡಿ ಇಟ್ಟುಕೊಂಡವನಿಗೆ ಮನೆಯಲ್ಲಿ ಇನ್ನೊಂದು ಸಂಸಾರದ ಗೊಡವೆ ಬೇಕಾಗುವುದಿಲ್ಲ.

ಹೊರಡುವ ಮುಂಚೆ ಮುಂದಾಳು ನಿಯಮ ಹೇಳಿದ. ಜೋಡಿಯಾಗಿ ಹೋಗಬಾರದು, ಒಬ್ಬ ಎಡಕ್ಕೆ, ಅವನ ಹಿಂದಿನವನು ಬಲಕ್ಕೆ. ಮುಂದಾಳನ್ನು ಯಾರೂ ದಾಟಬಾರದು. ಎಡಗೈ ಮುಷ್ಟಿ ಎತ್ತಿದರೆ ನಿಲ್ಲಬೇಕು. ಕಾಲು ಹೊರಗೆ ಚಾಚಿದರೆ ಆ ಕಡೆ ಗುಂಡಿ ಇದೆ. ಟ್ಯಾಂಕ್ ತಟ್ಟಿದರೆ ಪೆಟ್ರೋಲ್ ಬೇಕು. ಎಡಗೈಯ ಬೆರಳು ಕೂಡಿಸಿ ಬಿಚ್ಚಿದರೆ, ತಿರುವು ಮುಗಿದರೂ ನಿನ್ನ ಇಂಡಿಕೇಟರ್ ಉರಿಯುತ್ತಿದೆ, ಆರಿಸು ಎಂದರ್ಥ. ಇದನ್ನು ಕೇಳಿ ನನಗೆ ಒಳಗೊಳಗೇ ನಗು ಬಂತು. ಆದರೆ ಹೊಸಬನಾದವನು ಸಭೆಯಲ್ಲಿ ಎದ್ದು ಮಾತನಾಡಬಾರದೆಂದು ಸುಮ್ಮನಿದ್ದೆ.

ಆಮೇಲೆ ಜಾಗಗಳ ಹಂಚಿಕೆ. ಅತಿ ನಿಧಾನದವರು ಮುಂದಾಳಿನ ಬೆನ್ನಿಗೇ ಇರಬೇಕೆಂದು ನಿಯಮವಂತೆ. ಆದರೆ ನನ್ನ ಅಳಿಯ ಏನು ಹೇಳಿದ್ದನೋ, ನನಗೆ ಕೊನೆಯಿಂದ ಎರಡನೆಯ ಜಾಗ ಸಿಕ್ಕಿತು. ಕೊನೆಯ ಜಾಗ ಎಜ್ಡಿಯದು. ಗುಂಪಿನಲ್ಲಿ ಎಲ್ಲರಿಗಿಂತ ಪಳಗಿದವನು ಎಲ್ಲರ ಹಿಂದೆ ಬರಬೇಕು ಎಂಬುದು ಈ ಪ್ರವಾಸಗಳ ಪದ್ಧತಿ. ಯಾರ ಗಾಡಿ ನಿಂತರೂ ಅವನೂ ನಿಲ್ಲುತ್ತಾನೆ. ಅವನು ಬಂದು ಮುಟ್ಟಿದನೆಂದರೆ ಎಲ್ಲರೂ ಮುಟ್ಟಿದರು ಎಂದೇ ಲೆಕ್ಕ.

ಹೀಗೆ, ಹರೆಯದಲ್ಲಿ ಯಾರಿಗೂ ಮುಂದೆ ಹೋಗಲು ಬಿಡದವರು ನನ್ನ ಕನ್ನಡಿಯಲ್ಲಿ ಬಂದು ಕೂತರು. ಸವಣೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಎರೆಹೊಲ, ಒಡೆದ ಹತ್ತಿ, ನಡುನಡುವೆ ಮೆಣಸಿನಕಾಯಿಯ ಕೆಂಪು. ಅದನ್ನು ನೋಡುವ ಸುಖ ನನಗಿರಲಿಲ್ಲ. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತಾಗ ಪಾಠ ಮಾಡುವ ಮಾಸ್ತರನ ಪಾಡು ನನ್ನದು. ಗೇರ್ ಬದಲಿಸಿದರೆ ಇದು ತಡವಾಯಿತೇ ಎಂಬ ಅಂಜಿಕೆ, ಬ್ರೇಕ್ ಒತ್ತಿದರೆ ಇದು ಬೇಗವಾಯಿತೇ ಎಂಬ ಅನುಮಾನ. ಒಮ್ಮೆ ಎಮ್ಮೆಯೊಂದು ಅಡ್ಡ ಬಂತು. ನಾನು ನಿಂತೆ. ಅವರೂ ನಿಂತರು. ಎಮ್ಮೆ ದಾಟಿತು. ಅವರು ಹಾರ್ನ್ ಒತ್ತಲಿಲ್ಲ, ಎಂಜಿನ್ ಗುರುಗುಡಿಸಲಿಲ್ಲ. ಎಜ್ಡಿಯ ಡುಬ್ ಡುಬ್ ಸಪ್ಪಳ ಮಾತ್ರ ಅಷ್ಟೇ ದೂರದಲ್ಲಿ, ಅಷ್ಟೇ ಏರಿಳಿತದಲ್ಲಿ ಬರುತ್ತಲೇ ಇತ್ತು. ನಾನು ನಲವತ್ತಕ್ಕೆ ಇಳಿದರೆ ಅದೂ ನಲವತ್ತು, ಐವತ್ತಕ್ಕೆ ಏರಿದರೆ ಅದೂ ಐವತ್ತು. ನಾಲ್ಕೈದು ಮೈಲು ಕಳೆದ ಮೇಲೆ ಅಂಜಿಕೆ ಹೋಯಿತು. ಆಮೇಲೆ ಕನ್ನಡಿ ನೋಡದಿದ್ದರೂ ನಡೆಯಿತು, ಸಪ್ಪಳ ಕೇಳಿದರೆ ಸಾಕಾಯಿತು.

ಇನ್ನು ಶಿಗ್ಲಿ. ಸಾಲಾಗಿ ಬಂದ ಇಷ್ಟೂ ಗಾಡಿಗಳ ದೀಪ ಉರಿಯುತ್ತಿದೆ, ಅದೂ ಹತ್ತು ಗಂಟೆಯ ಬಿಸಿಲಿನಲ್ಲಿ. ಊರು ಸುಮ್ಮನಿದ್ದೀತೇ? ಮೊದಲು ಬಸ್ ಕಾಯುತ್ತ ನಿಂತವರು ಕೈ ಎತ್ತಿದರು. ಆಮೇಲೆ ಚಹಾದಂಗಡಿಯ ಬೆಂಚು ಪೂರ್ತಿ ಎದ್ದು ನಿಂತಿತು. ಸಾಲೆಗೆ ಹೊರಟ ಹುಡುಗರು ಪಾಟೀಚೀಲ ಕೆಳಗಿಟ್ಟು ಎರಡೂ ಕೈ ಎತ್ತಿದರು. ಐದು ಬೆರಳು, ಹತ್ತು ಬೆರಳು, ರಸ್ತೆಯುದ್ದಕ್ಕೂ ಕೂಡುತ್ತ ಬಿಚ್ಚುತ್ತ. ಮುಂದಾಳು ಇದನ್ನು ನೋಡಿ ಗಾಬರಿಯಿಂದ ತನ್ನ ಇಂಡಿಕೇಟರ್ ನೋಡಿಕೊಂಡ. ಆರಿತ್ತು. ಇರಲಿ ಎಂದು ಇನ್ನೊಮ್ಮೆ ಗುಂಡಿ ಒತ್ತಿದ. ಹಿಂದಿನವನು ಬಗ್ಗಿ ತನ್ನದನ್ನು ನೋಡಿದ. ಅವನ ಹಿಂದಿನವಳು ತನ್ನದನ್ನು. ಕೊನೆಯವರೆಗೆ ಒಬ್ಬೊಬ್ಬರಾಗಿ ಬಗ್ಗುವುದು, ಒತ್ತುವುದು, ಏಳುವುದು. ದೇಶದ ಹೆಸರಾಂತ ಸವಾರರು ನಮ್ಮೂರಿನ ಮುಂದೆ ಸಾಲಾಗಿ ತಲೆ ಬಗ್ಗಿಸಿ ಹೋದರು. ಎಲ್ಲರೂ ಗುಂಡಿ ಒತ್ತಿದ್ದು ಕಂಡು ಊರಿಗೂ ಸಮಾಧಾನವಾಯಿತು. ಗುಂಪಿನಲ್ಲಿ ಎರಡೂ ಕಡೆಯ ಸಂಗತಿ ಗೊತ್ತಿದ್ದವನು ನಾನೊಬ್ಬನೇ. ಹೆಲ್ಮೆಟ್ಟಿನೊಳಗೆ ನಕ್ಕರೆ ಗಾಜು ಮಂಜಾಗುತ್ತದೆ ಎಂಬುದು ನನಗೆ ಅವತ್ತು ತಿಳಿಯಿತು.

ಕೊನೆಗೆ ಬಂದದ್ದು ಎಜ್ಡಿ. ಹಳೆಯ ಗಾಡಿ, ಅದಕ್ಕೆ 2017ರ ನಿಯಮ ತಟ್ಟುವುದಿಲ್ಲ. ದೀಪ ಆರಿತ್ತು. ಒಬ್ಬ ಹುಡುಗ ಅದನ್ನು ನೋಡಿ ಅದರ ಹಿಂದೆಯೇ ಓಡಿ ಬಂದು ಕೂಗಿದ: ‘ಅಜ್ಜಾರ, ಎಲ್ಲಾರದೂ ಹತ್ತೇತಿ, ನಿಮ್ದೊಂದ ಹತ್ತಿಲ್ಲ!’

ಚಹಾಕ್ಕೆ ನಮ್ಮ ಮನೆಯ ಮುಂದೆ ನಿಲ್ಲುವುದೆಂದು ಗೊತ್ತಾಗಿತ್ತು. ಗುಂಪಿನಲ್ಲಿ ಹಾಲಿ ರೇಸರ್ ಹುಡುಗಿಯೊಬ್ಬಳಿದ್ದಳು. ಬಚ್ಚಲುಮನೆ ಎಲ್ಲಿ ಎಂದು ಮೆಲ್ಲಗೆ ಕೇಳಿದಳು. ನನ್ನ ಹೆಂಡತಿ ಒಳಗೆ ಕರೆದಳು. ಹುಡುಗಿ ಹೊಸ್ತಿಲ ಹೊರಗೆ ಕುಳಿತು ಬೂಟು ಬಿಚ್ಚತೊಡಗಿದಳು. ಮೊಣಕಾಲಿನವರೆಗೆ ಬರುವ ಬೂಟು, ಒಂದೊಂದಕ್ಕೂ ಸಾಲು ಬಕಲ್ಲು, ಒಂದೊಂದು ಬಕಲ್ಲಿಗೂ ಬೇರೆ ಬೇರೆ ಹಟ. ‘ಇರಲಿ, ಹಂಗ ಬಾರವಾ’ ಎಂದರೂ ಕೇಳಲಿಲ್ಲ. ಓಣಿಯ ಹೆಂಗಸರೆಲ್ಲ ಆ ಬಕಲ್ಲುಗಳನ್ನು ನೋಡಲು ನೆರೆದರು. ಎರಡನೆಯ ಬೂಟು ಕಳಚಿದಾಗ ಯಾರೋ ‘ಹುಂ, ಆತು’ ಎಂದು ಉಸಿರುಬಿಟ್ಟರು.

ಹೊರಡುವಾಗ ಹಾಗೆಯೇ ಕಳಿಸುವುದು ನಮ್ಮ ಮನೆಯ ಪದ್ಧತಿಯಲ್ಲ. ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ, ಕಣ ಎಲ್ಲ ತಾಟಿನಲ್ಲಿ ಬಂದವು. ಉಡಿ ಎಲ್ಲಿ? ಮೈಮೇಲಿರುವುದು ಚರ್ಮದಷ್ಟು ಗಟ್ಟಿಯಾದ ಜಾಕೀಟು, ಸೆರಗಿಲ್ಲ, ಓಢಣಿ ಇಲ್ಲ. ಹುಡುಗಿ ಅತ್ತಿತ್ತ ನೋಡಿ, ಪಕ್ಕದಲ್ಲಿದ್ದ ಹೆಲ್ಮೆಟ್ಟನ್ನು ಅಂಗಾತ ತಿರುಗಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿದಳು. ನನ್ನ ಹೆಂಡತಿ ಒಂದು ಗಳಿಗೆ ತಡೆದಳು. ಆಮೇಲೆ ಐದು ಹಿಡಿ ಅಕ್ಕಿ ಅದರೊಳಗೆ ಬಿತ್ತು, ಅದರ ಮೇಲೆ ಕೊಬ್ಬರಿ, ಅದರ ಮೇಲೆ ಎಲೆ ಅಡಿಕೆ, ಎಲ್ಲದರ ಮೇಲೆ ಕೆಂಪು ಕಣ. ‘ತಲಿ ಕಾಯೋದರಾಗ ತುಂಬೇನಿ, ಚಲೋನ ಆತು’ ಎಂದಳು. ಹುಡುಗಿ ಅದನ್ನೆಲ್ಲ ಟ್ಯಾಂಕಿನ ಮೇಲಿನ ಚೀಲಕ್ಕೆ ಸುರುವಿಕೊಂಡಳು. ಮುಂದೆ ಗದಗಿನಲ್ಲಿ ಹೆಲ್ಮೆಟ್ ತೆಗೆದಾಗಲೂ ಅವಳ ಕೂದಲಲ್ಲಿ ಅಕ್ಕಿಕಾಳು ಸಿಕ್ಕಿಕೊಂಡಿದ್ದವು.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಗೆ ಹೋದೆವು. ಹಳೆಯ ಪುಲಿಗೆರೆ ಇದು. ಸೌರಾಷ್ಟ್ರದ ವ್ಯಾಪಾರಿ ಆದಯ್ಯ ಇಲ್ಲಿಯ ಹೆಣ್ಣನ್ನು ಮದುವೆಯಾಗಿ, ಮಾವನ ಮನೆಯ ಮಾತಿಗೆ ಕೆರಳಿ, ಸೌರಾಷ್ಟ್ರದಿಂದ ಸೋಮನಾಥನನ್ನೇ ಕರೆತಂದ ಎಂದು ಕಥೆ. ಒಳಗೆ ಶಿವ ಪಾರ್ವತಿಯರು ನಂದಿಯ ಮೇಲೆ ಕುಳಿತ ಮೂರ್ತಿ. ಅಷ್ಟು ದೂರದಿಂದ ಇಲ್ಲಿಯ ತನಕ ಜೋಡಿಯಾಗಿ ಒಂದೇ ವಾಹನದ ಮೇಲೆ! ಎಮ್ಮೆಗಾತ್ರದ ಗಾಡಿಯವರು ಕೈಮುಗಿದು ನಿಂತು, ಎಷ್ಟು ಕಿಲೋಮೀಟರ್ ಆಗಬಹುದು ಎಂದು ಮೊಬೈಲಿನಲ್ಲಿ ಲೆಕ್ಕ ಹಾಕಿದರು. ದಾರಿಯಲ್ಲಿ ನಂದಿಗೆ ಎಲ್ಲಿ ವಿಶ್ರಾಂತಿ ಎಂದು ಕೇಳಿದವರು ಎಜ್ಡಿಯವರೊಬ್ಬರೇ.

ಅಲ್ಲಿಂದ ಗದಗಿನ ದಾರಿಯಲ್ಲಿ ಮಾಗಡಿ ಕೆರೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಕಡೆಯ ಹಕ್ಕಿಗಳು. ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮನ್ನಣೆಯೂ ಸಿಕ್ಕಿದೆ. ಹಗಲೆಲ್ಲ ನೀರಿನಲ್ಲಿದ್ದು ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ, ಶೇಂಗಾ ಎಂದರೆ ಪ್ರಾಣ. ಗುಂಪಿನಲ್ಲಿದ್ದ ಹುಡುಗರ ಮಾತೆಲ್ಲ ಲಡಾಖಿನದೇ ಆಗಿತ್ತು. ಯಾವ ಕಣಿವೆ, ಯಾವ ಘಾಟಿ, ಎಷ್ಟು ಎತ್ತರ, ರಜೆ ಸಿಗುತ್ತದೋ ಇಲ್ಲವೋ. ಇಡೀ ದೇಶದ ಬೈಕಿನವರು ಹಣ ಕೂಡಿಸಿ, ಸಾಹೇಬರ ಕಾಲು ಹಿಡಿದು ಲಡಾಖಿಗೆ ಹೋಗಲು ಒದ್ದಾಡುತ್ತಾರೆ. ಲಡಾಖಿನವು ಮಾತ್ರ ಎಲ್ಲ ಬಿಟ್ಟು ನಮ್ಮ ಶಿರಹಟ್ಟಿ ಸೀಮೆಯ ಶೇಂಗಾಕ್ಕೆ ಬರುತ್ತವೆ ಎಂದೆ. ಹುಡುಗರು ಒಪ್ಪಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ.

ಕೆರೆಯ ಏರಿಯ ಮೇಲೆ ಎಜ್ಡಿಯವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನಗೂ ಕೊಟ್ಟರು. ಅವರ ಬಲಗೈಯ ಕಿರುಬೆರಳು ಸೊಟ್ಟಗಿತ್ತು, ಲೋಟ ಹಿಡಿದಾಗ ಅದೊಂದು ದೂರವೇ ನಿಲ್ಲುತ್ತಿತ್ತು. ಧೈರ್ಯ ಮಾಡಿ ಕೇಳಿದೆ: ‘ಸಾಹೇಬ್ರ, ಹಿಂದ ಬರಾಕ ನಿಮಗ ಬ್ಯಾಸರಾಗಂಗಿಲ್ಲೇನ್ರಿ?’ ಅವರು ನಕ್ಕರು. ‘ರೇಸಿನಲ್ಲಿರೋವಾಗ ಹಿಂದೆ ಯಾರು ಬರ್ತಿದ್ದಾರೆ ಅನ್ನೋದೇ ಚಿಂತೆ ಸಾರ್. ರಾತ್ರಿ ಕನಸಲ್ಲೂ ಹಿಂದಿನವನ ಎಂಜಿನ್ ಕೇಳಿಸೋದು. ಈಗ ನನ್ನ ಹಿಂದೆ ಯಾರೂ ಇಲ್ಲ. ಎಷ್ಟು ನೆಮ್ಮದಿ ಗೊತ್ತಾ?’

ನನಗೆ ನಮ್ಮ ಅಜ್ಜ ನೆನಪಾದ. ಶಿರಹಟ್ಟಿ ಫಕೀರೇಶ್ವರನ ಜಾತ್ರೆಗೆ ನಮ್ಮೂರಿನಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತಿದ್ದ ಕಾಲ. ಹರೆಯದವರು ಕೊಲ್ಲಾರಿ ಬಂಡಿ ಕಟ್ಟಿ, ಎತ್ತಿನ ಕೊಂಬಿಗೆ ಗೊಂಡೆ ಹಾಕಿ ಮುಂದೆ ಓಡಿಸುತ್ತಿದ್ದರು. ಅಜ್ಜನ ಎತ್ತು ಊರಿಗೇ ಹೆಸರಾದವು. ಆದರೆ ಅವನ ಚಕ್ಕಡಿ ಯಾವಾಗಲೂ ಕಟ್ಟಕಡೆಗೆ, ಅಚ್ಚಿಗೆ ಕಂದೀಲು ಕಟ್ಟಿಕೊಂಡು. ಹುಡುಗರಾದ ನಮಗೆ ಅದು ಅವಮಾನ. ಮುಂದಿನವರ ಧೂಳೆಲ್ಲ ನಮ್ಮ ಬಾಯಿಗೇ. ‘ಹೊಡಿ ಯಜ್ಜಾ, ಹೊಡಿ’ ಎಂದು ನಾವು ಬೆನ್ನಿಗೆ ಗುದ್ದುತ್ತಿದ್ದೆವು. ಅವನು ಹೊಡೆಯುತ್ತಿರಲಿಲ್ಲ. ದಾರಿಯಲ್ಲಿ ಯಾರದೋ ಕೀಲು ಬಿದ್ದಿರುತ್ತಿತ್ತು, ಯಾರದೋ ಮಗು ವಾಂತಿ ಮಾಡಿಕೊಳ್ಳುತ್ತಿತ್ತು, ಯಾರದೋ ಬುತ್ತಿಗಂಟು ಕಂದೀಲಿನ ಬೆಳಕಿಗೆ ರಸ್ತೆಯ ನಡುವೆ ಕಾಣುತ್ತಿತ್ತು. ಜಾತ್ರೆಗೆ ಮುಟ್ಟುವ ಹೊತ್ತಿಗೆ ನಮ್ಮ ಚಕ್ಕಡಿಯಲ್ಲಿ ಊರವರ ಅರ್ಧ ಸಾಮಾನು ಇರುತ್ತಿತ್ತು. ಎಲ್ಲರೂ ಬಂದು ತಮ್ಮ ತಮ್ಮದನ್ನು ಒಯ್ಯುತ್ತಿದ್ದರು. ತೇರು ಎಳೆಯುವುದನ್ನು ಅಜ್ಜ ಹತ್ತಿರದಿಂದ ನೋಡಿದ್ದು ನನಗೆ ನೆನಪಿಲ್ಲ.

ಗದಗಿನಲ್ಲಿ ಗುಂಪು ಭಜಿ ಗಿರ್ಮಿಟ್ ತಿಂದು ಹಂಪಿಯ ಕಡೆ ಹೊರಟಿತು. ನನ್ನ ಪಾಲಿನ ಟೂರ್ ಅಲ್ಲಿಗೆ ಮುಗಿಯಿತು. ಎಜ್ಡಿ ಕಿಕ್ಕಿಗೆ ಒಮ್ಮೆಲೇ ಚಾಲೂ ಆಗಲಿಲ್ಲ. ಮುಂದಿನವರೆಲ್ಲ ಚೌಕದಲ್ಲಿ ನಿಂತು ಕಾದರು. ಎಲ್ಲರ ಹಿಂದೆ ಬರುವವರಿಗಾಗಿ ಎಲ್ಲರೂ ಕಾಯುವುದನ್ನು ನಾನು ಕಂಡದ್ದು ಆಗಲೇ.

ಮರುದಿನ ಸಂಜೆ ಊರ ಕಟ್ಟೆಯ ಮೇಲೆ ನನ್ನದೇ ದರ್ಬಾರು. ಯಮಹಾದವನೂ ಬಂದು ಕೂತಿದ್ದ. ಈಗ ಅವನಿಗೂ ಹೊಟ್ಟೆ ಬಂದಿದೆ, ಗಾಡಿ ಮಗನ ಪಾಲಾಗಿದೆ. ಶೋಲಾವರಂ, ಡಕಾರ್, 36, 37 ಎಲ್ಲವನ್ನೂ ಹೇಳಿ ಮುಗಿಸಿ ಕೊನೆಗೆ ಬತ್ತಳಿಕೆಯ ಬಾಣ ತೆಗೆದೆ: ‘ಅಂಥಾ ಚಾಂಪಿಯನ್, ಹರೇದಾಗ ಯಾರನ್ನೂ ಮುಂದ ಬಿಡದಾಂವ, ಸವಣೂರಿಂದ ಗದಗಿನ ತನಕ ನನ್ನ ದಾಟಾಕ ಆಗಲಿಲ್ಲ!’

ಕಟ್ಟೆ ಒಂದು ಕ್ಷಣ ಯೋಚಿಸಿತು. ಯಮಹಾದವನು ತಂಬಾಕು ತಿಕ್ಕುತ್ತ ಕೇಳಿದ: ‘ಗದಗ ಮುಟ್ಟಿದ ಮ್ಯಾಲೆ ಭಜಿ ರೊಕ್ಕ ಯಾರು ಕೊಟ್ರು?’

‘ಅವರ ಕೊಟ್ರು.’

‘ಹಂಗಾರ ಗೆದ್ದಿ ಬಿಡಪಾ’ ಎಂದ.